ಗಾಜಿಲ್ಲದ ಕನ್ನಡಕ



ಮೂರೂವರೆ ವರ್ಷದ ಒಬ್ಬ ಹುಡುಗ. ಪೊರೆ ಬಂದು ಕಣ್ಣಿನ ಮಸೂರಗಳನ್ನೇ ತೆಗೆಯಬೇಕಾಗಿತ್ತು. ಜೊತೆಗೆ ಆಟಿಸಂ. ಕನ್ನಡಕ ಹಾಕಹೋದರೆ ರಂಪ ಮಾಡುತ್ತಿದ್ದ. ಇನ್ನು ಆರು ತಿಂಗಳಲ್ಲಿ ಕನ್ನಡಕ ರೂಢಿಯಾಗದಿದ್ದರೆ ನಡುದೃಷ್ಟಿ ಶಾಶ್ವತವಾಗಿ ಹೋಗುತ್ತದೆ ಎಂದರು ಕಣ್ಣಿನ ವೈದ್ಯರು. ಹೆತ್ತವರು ಹೆಣಗಿ ಸೋತಿದ್ದರು.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ನಡೆದದ್ದು. ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ, ಹೇಡನ್ ಮೀಸ್ ಎಂಬವರು 1964ರಲ್ಲಿ ಇದರ ವರದಿ ಪ್ರಕಟಿಸಿದರು. ಅವರು ಮೊದಲು ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಹುಡುಗ ಒಂದನ್ನು ಎತ್ತಿಕೊಂಡನೋ, ಟಿಕ್ ಎಂದು ಸದ್ದು, ಹಿಂದೆಯೇ ಮಿಠಾಯಿ ಚೂರೋ ಹಣ್ಣಿನ ತುಂಡೋ ಬಾಯಿಗೆ. ಕೆಲವು ದಿನ ಕಳೆದ ಮೇಲೆ ಎತ್ತಿಕೊಂಡರೆ ಸಾಲದು, ಹಿಡಿದುಕೊಂಡು ಓಡಾಡಬೇಕು; ಆಮೇಲೆ ಕಣ್ಣಿನ ಹತ್ತಿರ ತರಬೇಕು. ಮಿಠಾಯಿಗೆ ಅವನು ಬಗ್ಗದಿದ್ದಾಗ ಊಟದ ತುತ್ತನ್ನೇ ಹೀಗೆ ಕೊಟ್ಟರು. ಮಗುವಿನ ಹಸಿವನ್ನು ಬಳಸಿಕೊಂಡ ಆ ಹೆಜ್ಜೆ ನನಗಂತೂ ಹಿಡಿಸದು. ಆದರೆ ಮನೆಗೆ ಹೊರಡುವ ಹೊತ್ತಿಗೆ ಹುಡುಗ ದಿನಕ್ಕೆ 12 ಗಂಟೆ ಕನ್ನಡಕ ಹಾಕಿಕೊಂಡಿರುತ್ತಿದ್ದ.

ಈ ವಿಧಾನಕ್ಕೆ ಆನ್ವಯಿಕ ವರ್ತನಾ ವಿಶ್ಲೇಷಣೆ ಎಂದು ಹೆಸರು. ಇದರ ಬೇರು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿದೆ. ಒಂದು ನಡೆಯ ಬೆನ್ನಿಗೇ ಏನು ಸಿಗುತ್ತದೋ, ಅದರ ಮೇಲೆ ಆ ನಡೆ ಬಲಿಯುವುದೋ ಬಾಡುವುದೋ ನಿಂತಿದೆ. ಅಂಗಡಿ ಮುಂದೆ ರಚ್ಚೆ ಹಿಡಿದ ಮಗುವಿಗೆ ಚಾಕಲೇಟು ಕೊಡಿಸುವ ನಾವೂ ಪಾಠವನ್ನೇ ಹೇಳುತ್ತಿರುತ್ತೇವೆ, ರಚ್ಚೆಯ ಪಾಠ!

1968ರಲ್ಲಿ ಈ ಶಾಸ್ತ್ರಕ್ಕೆಂದೇ ಪತ್ರಿಕೆ ಹೊರಟಿತು. ಮೊದಲ ವರ್ಷವೇ ಡೊನಾಲ್ಡ್ ಬೇಯರ್, ವುಲ್ಫ್, ರಿಸ್ಲಿ ಅದರಲ್ಲಿ ಕಟ್ಟಳೆ ಬರೆದರು. ಬದಲಿಸಹೊರಟ ನಡೆ ಆ ವ್ಯಕ್ತಿಗೆ, ಸಮಾಜಕ್ಕೆ ನಿಜವಾಗಿ ಮುಖ್ಯವಾಗಿರಬೇಕು. ಬದಲಾವಣೆಯನ್ನು ಅಳೆದು ತೋರಿಸಬೇಕು. ತರಬೇತಿಯ ಕೋಣೆ ದಾಟಿದ ಮೇಲೂ ಅದು ಉಳಿಯಬೇಕು.

ಮೊದಲನೆಯದನ್ನೇ ಹಲವರು ಮರೆತರು. ಎದುರಿನವರ ಕಣ್ಣು ನೋಡು, ಕೈ ಅಲ್ಲಾಡಿಸಬೇಡ ಎಂದು ಆಟಿಸಂ ಇರುವ ಮಕ್ಕಳನ್ನು ತಾಲೀಮು ಮಾಡಿಸಿದ್ದುಂಟು. ಅದು ತಮಗೆ ಹಿಂಸೆಯಾಗಿತ್ತೆಂದು ದೊಡ್ಡವರಾದ ಮೇಲೆ ಎಷ್ಟೋ ಜನ ಹೇಳಿಕೊಂಡಿದ್ದಾರೆ. ಕನ್ನಡಕದಿಂದ ಆ ಹುಡುಗನ ದೃಷ್ಟಿ ಉಳಿಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಸಮಾಧಾನವಾಗುವುದು ಎದುರಿಗೆ ಕೂತವರಿಗೆ.

ನಿಮ್ಮ ಮಗುವನ್ನು ಇಂಥ ತರಬೇತಿಗೆ ಸೇರಿಸುವುದಿದ್ದರೆ, ಏನು ಕಲಿಸುತ್ತೀರಿ ಎಂದು ಕೇಳಿ. ಅದರಿಂದ ಮಗುವಿಗೇನು ಸಿಗುತ್ತದೆ ಎಂದೂ ಕೇಳಿ. ಉತ್ತರ ಸಿಗುವ ತನಕ ಫೀಸು ಕಟ್ಟಬೇಡಿ.