ಪಥ್ಯ ಹೇಳುವವರು ಯಾರು?



ಉಡುಪಿ ಜಿಲ್ಲೆಯವರಾದ ನಮಗೆ ಪಥ್ಯವೆಂಬುದು ಹೊಸ ಮಾತಲ್ಲ. ಬಾಣಂತಿಗೆ ಏನನ್ನು ಬಡಿಸಬೇಕು, ಜ್ವರ ಬಿಟ್ಟವನಿಗೆ ಕುಚ್ಚಲಕ್ಕಿಯ ಗಂಜಿಯನ್ನು ಎಷ್ಟು ತೆಳ್ಳಗೆ ಕೊಡಬೇಕು ಎಂಬುದನ್ನು ಮನೆಯ ಹಿರಿಯರೇ ಹೇಳುತ್ತ ಬಂದಿದ್ದಾರೆ. ಅದನ್ನು ಯಾವ ಕಾನೂನೂ ತಡೆಯುವುದಿಲ್ಲ.

ಆದರೆ ಕೆಲವು ರೋಗಗಳಲ್ಲಿ ಈ ತಿಳಿವಳಿಕೆಯೊಂದೇ ಸಾಲದು. ಆರೋಗ್ಯವಂತನಿಗೆ ಹಿತವಾದ ಬೊಂಡದ ನೀರು, ಅದರಲ್ಲಿರುವ ಪೊಟ್ಯಾಸಿಯಂನ ಕಾರಣದಿಂದ, ಮೂತ್ರಪಿಂಡ ಕೆಟ್ಟವನಿಗೆ ಅಪಾಯವನ್ನು ತರಬಲ್ಲುದು. ಮಧುಮೇಹದ ಮಾತ್ರೆ ಸೇವಿಸುವವರು ಯಾರದೋ ಮಾತಿನಂತೆ ಉಪವಾಸವಿದ್ದರೆ ರಕ್ತದಲ್ಲಿನ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆದುದರಿಂದ ಪಥ್ಯ ಹೇಳುವವರು ಯಾರೆಂಬುದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

ವೈದ್ಯರ ಹಾಗೂ ದಾದಿಯರ ನೋಂದಣಿಗೆ ನಮ್ಮ ರಾಜ್ಯದಲ್ಲಿ 1961ರಲ್ಲಿಯೇ ಅಧಿನಿಯಮಗಳಾದವು. ಪಥ್ಯ ಹೇಳುವವರ ವಿಷಯದಲ್ಲಿ ಇನ್ನೂ ಅರುವತ್ತು ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ, ಮಣಿಪಾಲದಂತಹ ಕಡೆ ವರ್ಷಗಟ್ಟಲೆ ವ್ಯಾಸಂಗ ಮಾಡಿದವರಂತೆಯೇ, ಕಾಪು, ಕಾರ್ಕಳಗಳ ಮನೆಬಾಗಿಲಿಗೆ ಡಬ್ಬಿಯ ಪುಡಿ ಮಾರಲು ಬರುವವನೂ ತನ್ನನ್ನು 'ನ್ಯೂಟ್ರಿಷನಿಸ್ಟ್' ಎಂದು ಕರೆದುಕೊಳ್ಳಲು ಅಡ್ಡಿಯಿರಲಿಲ್ಲ.

2021ರಲ್ಲಿ ಸಂಸತ್ತು ಆರೋಗ್ಯ ಸೇವೆಯ ಇಂತಹ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಅಧಿನಿಯಮವನ್ನು ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ಡಯಟೀಷಿಯನ್, ನ್ಯೂಟ್ರಿಷನಿಸ್ಟ್ ಎಂಬ ಎರಡು ಹೆಸರುಗಳೂ ಸೇರಿವೆ. ಪ್ರತಿಯೊಂದು ರಾಜ್ಯವೂ ಪರಿಷತ್ತನ್ನು ರಚಿಸಿ, ಅರ್ಹರ ಹೆಸರುಗಳನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕೆಂದು ಅದು ವಿಧಿಸುತ್ತದೆ. ಹೆಸರು ದಾಖಲಾಗದಿದ್ದರೂ ದಾಖಲಾಗಿದೆಯೆಂದು ಸುಳ್ಳು ಹೇಳಿಕೊಳ್ಳುವವರಿಗೆ ಮೊದಲ ಸಲವೇ 50,000 ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಫಲ ದೊರೆಯದು. ಕೇಳುವ ಧೈರ್ಯ ನಮ್ಮಲ್ಲಿರಬೇಕು. ಪಥ್ಯ ಹೇಳಲು ಬಂದವರನ್ನು ಮೂರು ಮಾತು ಕೇಳಿರಿ: ತಾವು ಪಡೆದ ಪದವಿ ಯಾವುದು? ತಮ್ಮ ಹೆಸರು ಎಲ್ಲಿ ನೋಂದಣಿಯಾಗಿದೆ? ತಾವು ಹೇಳುವ ಪುಡಿಯನ್ನು ತಾವೇ ಮಾರುತ್ತೀರಾ? ಮೊದಲೆರಡಕ್ಕೆ ಉತ್ತರವಿಲ್ಲದೆ ಮೂರನೆಯದಕ್ಕೆ ಮಾತ್ರ 'ಹೌದು' ಎಂದರೆ, ಅವರನ್ನು ವಿನಯದಿಂದಲೇ ಬೀಳ್ಕೊಡಿರಿ.

ಯಾರೇ ಹೇಳಲಿ, ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಬೇಡಿರಿ. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಊಟವನ್ನು ಕಡಿಮೆ ಮಾಡುವ ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಒಬ್ಬ ತಾಯಿ ಸರಿಯಾದವರನ್ನು ಕೇಳಿ ಉಂಡರೆ ಅದರ ಫಲ ಎರಡು ಜೀವಗಳಿಗೆ ಸಲ್ಲುತ್ತದೆ.