2038ರ ಜನವರಿ 19: ದುರಸ್ತಿ ಯಾರ ಪಾಲಿಗೆ?



ಗಣಕಯಂತ್ರವನ್ನು ಆರಿಸಿದ ಮೇಲೂ ಅದರೊಳಗಿನ ಪುಟ್ಟ ಗಡಿಯಾರವೊಂದು ಬ್ಯಾಟರಿಯ ಬಲದಿಂದ ನಡೆಯುತ್ತಲೇ ಇರುತ್ತದೆ. ಯಂತ್ರ ಮತ್ತೆ ಚಾಲನೆಗೊಂಡಾಗ ಕರ್ನೆಲ್ ಅದನ್ನೊಮ್ಮೆ ಓದಿಕೊಂಡು, ಅಲ್ಲಿಂದ ಮುಂದೆ ಕಾಲವನ್ನು ತಾನೇ ಎಣಿಸುತ್ತದೆ. ಯುನಿಕ್ಸ್ ಪರಂಪರೆಯಲ್ಲಿ ಈ ಎಣಿಕೆ 1970ರ ಜನವರಿ 1ರಿಂದ ಸೆಕೆಂಡುಗಳ ಲೆಕ್ಕದಲ್ಲಿ ಸಾಗುತ್ತದೆ.

ಈ ಸಂಖ್ಯೆಗೆ ಬಹುಕಾಲ 32 ಬಿಟ್‌ಗಳ ಜಾಗವಷ್ಟೇ ಇತ್ತು. ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ 2,14,74,83,647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಮಿತಿ ಮುಟ್ಟುತ್ತದೆ. ಮರುಕ್ಷಣ ಸಂಖ್ಯೆ ಋಣಾತ್ಮಕವಾಗಿ, ಯಂತ್ರದ ಪಾಲಿಗೆ ಅದು 1901ನೆಯ ಇಸವಿ.

ಲಿನಕ್ಸ್ ಕರ್ನೆಲ್ ಬರೆಯುವವರು ವರ್ಷಗಟ್ಟಲೆ ಇದನ್ನು ತಿದ್ದಿದರು. 2020ರ 5.6ನೆಯ ಆವೃತ್ತಿಯ ಹೊತ್ತಿಗೆ 32 ಬಿಟ್ ಯಂತ್ರಗಳಿಗೂ 64 ಬಿಟ್ ಕಾಲಗಣನೆ ಸಾಧ್ಯವಾಯಿತು. ಆದರೆ ಕರ್ನೆಲ್ ಬದಲಾದರಷ್ಟೇ ಸಾಲದು; ಅದರ ಮೇಲೆ ಓಡುವ ತಂತ್ರಾಂಶಗಳೂ ಬದಲಾಗಬೇಕು.

ಎರಡಂಕಿಯಲ್ಲಿ ಬರೆದ ಇಸವಿಗಳನ್ನು ತಿದ್ದಲೆಂದು 2000ದ ಹೊಸ್ತಿಲಲ್ಲಿ ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ಅಮೆರಿಕಕ್ಕೆ ಬಂದರು. ದೊಡ್ಡ ಅನಾಹುತ ಆಗಲಿಲ್ಲ. ಆಗ ಹಲವರು, ಅಪಾಯವೇ ಇರಲಿಲ್ಲವೆಂದು ನಕ್ಕರು. ತಡೆದವರ ದುಡಿಮೆ ಲೆಕ್ಕಕ್ಕೇ ಬರಲಿಲ್ಲ.

ಈ ಬಾರಿಯ ಪ್ರಶ್ನೆ ಇನ್ನೂ ಕಠಿಣ. ಹಣವುಳ್ಳವರು ಹಳೆಯ ಉಪಕರಣವನ್ನು ಎಸೆದು ಹೊಸತನ್ನು ಕೊಳ್ಳುತ್ತಾರೆ. ಬಡ ಊರಿನ ಆಸ್ಪತ್ರೆಯಲ್ಲೋ ನೀರಿನ ಪಂಪ್‌ಹೌಸಿನಲ್ಲೋ ಉಳಿದ ಹಳೆಯ ಯಂತ್ರವನ್ನು, ತಯಾರಕರು ಕೈಬಿಟ್ಟ ಮೇಲೆ ತಿದ್ದುವವರು ಯಾರು? ಮೂಲಸಂಕೇತವನ್ನು ತೆರೆದಿಡಬೇಕೆಂಬ, ದುರಸ್ತಿ ಬಳಕೆದಾರರ ಹಕ್ಕಾಗಬೇಕೆಂಬ ಒತ್ತಾಯವನ್ನು ಗಡುವಿಗೆ ಮುಂಚೆಯೇ ಮಾಡಬೇಕಾಗಿದೆ.