ಬೀದಿಯ ಬಾಡಿಗೆ, ಪ್ರಜೆಯ ಲೆಕ್ಕ
(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ವಾಹನ ನಿಲುಗಡೆ ಶುಲ್ಕದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ನಾವು ಬದುಕು ಕಟ್ಟಿಕೊಂಡಿರುವ ಊರಿನ ಬೀದಿ ಯಾರದು ಎಂಬುದು ನಾಗರಿಕತೆಯ ಪ್ರಶ್ನೆಯೇ ಆಗಿದೆ.

2018ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ರಸ್ತೆಬದಿಯಲ್ಲಿ ನಿಲ್ಲುವ ವಾಹನಗಳಿಗೆ, ದ್ವಿಚಕ್ರ ವಾಹನಗಳೂ ಸೇರಿದಂತೆ, ಶುಲ್ಕ ವಿಧಿಸುವ ನೀತಿಯನ್ನು ಪುಣೆ ಮಹಾನಗರಪಾಲಿಕೆಯ ಆಡಳಿತ ಮುಂದಿಟ್ಟಿತು. ವಿರೋಧ ಪಕ್ಷಗಳು ಬೀದಿಗಿಳಿದವು. ಪಾಲಿಕೆಯಲ್ಲಿ ಬಹುಮತವಿದ್ದ ಭಾರತೀಯ ಜನತಾ ಪಕ್ಷವೂ ಹಿಂಜರಿಯಿತು. ಕೊನೆಗೆ ಸಾಮಾನ್ಯ ಸಭೆಯು ನೀತಿಗೆ ಒಪ್ಪಿಗೆಯಿತ್ತರೂ ಅದನ್ನು ಪ್ರಾಯೋಗಿಕವಾಗಿ ಐದು ರಸ್ತೆಗಳಿಗಷ್ಟೇ ಸೀಮಿತಗೊಳಿಸಿತು.

ಇದು ಪುಣೆಯೊಂದರ ಕಥೆಯಲ್ಲ. ಮುಂಬಯಿ ಪಾಲಿಕೆಯ ನಿಲುಗಡೆ ನೀತಿಗೆ 2015ರಲ್ಲಿ ಮುಖ್ಯಮಂತ್ರಿಗಳೇ ತಡೆ ನೀಡಬೇಕಾಯಿತು. 2021ರಲ್ಲಿ ನಮ್ಮ ಬೆಂಗಳೂರಿನಲ್ಲಿ, ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ 1,000ದಿಂದ 5,000 ರೂಪಾಯಿ ಪರವಾನಗಿ ಶುಲ್ಕದ ಪ್ರಸ್ತಾಪ ಬಂದಾಗಲೂ ಅಸಮಾಧಾನ ಭುಗಿಲೆದ್ದಿತು.

ಶುಲ್ಕದ ಹಿಂದಿನ ತತ್ತ್ವ ತಪ್ಪೇ? ನನಗೆ ಹಾಗೆನಿಸುವುದಿಲ್ಲ. ಕಾರೊಂದು ನಿಲ್ಲಲು ಸುಮಾರು ಹನ್ನೆರಡು ಚದರ ಮೀಟರು ನೆಲ ಬೇಕು. ನಮ್ಮಲ್ಲನೇಕರು ಈ ಊರಿಗೆ ಬಂದಾಗ ಬಾಡಿಗೆಗೆ ಹಿಡಿದ ಕೋಣೆ ಅದಕ್ಕಿಂತ ದೊಡ್ಡದಿರಲಿಲ್ಲ. ಆ ಕೋಣೆಗೆ ತಿಂಗಳು ತಿಂಗಳೂ ಬಾಡಿಗೆ ತೆತ್ತೆವು. ಸಾರ್ವಜನಿಕ ನೆಲವನ್ನು ಮಾತ್ರ ವಾಹನಕ್ಕೆ ಬಿಟ್ಟಿಯಾಗಿ ಕೊಟ್ಟರೆ, ಅದರ ಬೆಲೆಯನ್ನು ಕಾಲುದಾರಿ ಕಳೆದುಕೊಂಡ ಪಾದಚಾರಿಯೂ ದಟ್ಟಣೆಯಲ್ಲಿ ಸಿಕ್ಕಿಕೊಂಡ ಬಸ್ಸಿನ ಪ್ರಯಾಣಿಕನೂ ತೆರುತ್ತಾರೆ. ನೆಲದ ಬೆಲೆಗೆ ತಕ್ಕ ನಿಲುಗಡೆ ಶುಲ್ಕವಿರಬೇಕು, ಅದು ಸಾರ್ವಜನಿಕ ಸಾರಿಗೆಯತ್ತ ಜನರನ್ನು ಸೆಳೆಯಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ.

ಹಾಗಿದ್ದರೆ ಪ್ರತಿಭಟಿಸಿದವರೆಲ್ಲ ಅವಿವೇಕಿಗಳೇ? ಅದೂ ಅಲ್ಲ. ಬಸ್ಸನ್ನು ನಂಬಲಾಗದೆ ಸಾಲ ಮಾಡಿ ಸ್ಕೂಟರು ಕೊಂಡ ಗುಮಾಸ್ತನಿಗೆ ಶುಲ್ಕವೆಂಬುದು ದಂಡವಾಗಿಯೇ ಕಾಣುತ್ತದೆ. ರಸ್ತೆ ತೆರಿಗೆ, ಆಸ್ತಿ ತೆರಿಗೆ ಎರಡನ್ನೂ ಕೊಟ್ಟವನು, ಈ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಅವನ ಹಕ್ಕು. ಸರ್ಕಾರದ ಸೇವೆಯಲ್ಲಿ ಕಡತಗಳ ನಡುವೆ ದಶಕಗಳನ್ನು ಕಳೆದ ನನಗೆ ಒಂದು ಮಾತು ಸ್ಪಷ್ಟವಾಗಿದೆ: ಜನ ಸಿಟ್ಟಾಗುವುದು ಮೊತ್ತ ಕಂಡಷ್ಟೇ ಅಲ್ಲ, ಲೆಕ್ಕ ಕಾಣದೆಯೂ ಹೌದು. ಮೊದಲು ಬಸ್ಸು, ನಡೆಯಲು ಯೋಗ್ಯವಾದ ಕಾಲುದಾರಿ, ಅನಂತರ ಶುಲ್ಕ, ವಸೂಲಾದ ಹಣ ಅದೇ ವಾರ್ಡಿನಲ್ಲಿ ಖರ್ಚಾಗಿ, ಅದರ ಲೆಕ್ಕ ಅಲ್ಲಿಯೇ ಪ್ರಕಟವಾಗಬೇಕು. ಈ ಕ್ರಮ ತಪ್ಪಿದರೆ ಒಳ್ಳೆಯ ನೀತಿಯೂ ಚುನಾವಣೆಯ ಲೆಕ್ಕಾಚಾರಕ್ಕೆ ಬಲಿಯಾಗುತ್ತದೆ.

ಇಂಥ ಪ್ರಶ್ನೆಗಳನ್ನು ಕೇಳಲೆಂದೇ, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. "ನಾವು ಹೊರಗಿನವರು, ನಮಗೇಕೆ?" ಎಂಬ ಸಂಕೋಚದಿಂದ ನಾವು ಪಾಲಿಕೆಯ ಬಾಗಿಲಿಗೆ ಹೋಗುವುದೇ ಕಡಿಮೆ. ತೆರಿಗೆ ಕೊಡುವಾಗ ಇಲ್ಲದ ಈ ಸಂಕೋಚ ಲೆಕ್ಕ ಕೇಳುವಾಗ ಮಾತ್ರ ಏಕೆ? ಶುಲ್ಕದ ಪ್ರಸ್ತಾಪ ಮತ್ತೆ ಬಂದೇ ಬರುತ್ತದೆ. ಆಗ ಬರಿಯ "ಬೇಡ" ಎನ್ನದೆ, "ಕೊಡುತ್ತೇವೆ, ಲೆಕ್ಕ ತೋರಿಸಿ" ಎನ್ನುವವರ ಸಾಲಿನಲ್ಲಿ ಕನ್ನಡಿಗರೂ ಇರಲಿ ಎಂದು ಆಶಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.